ಅಪ್ಪನ ಒಣಕೆಮ್ಮು: ಓದುಗರ ಸ್ಪಂದನ

(ಕಳೆದ ಸಂಚಿಕೆಯ ಸಮಸ್ಯೆ: 71 ವರ್ಷದ ಅಪ್ಪನಿಗೆ ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್. ನಾಲ್ಕನೇ ಸುತ್ತಿನ ಕೀಮೋ ಆದಮೇಲೆ ಒಣಕೆಮ್ಮು, ಏದುಸಿರು. ವಾರದೊಳಗೇ ತೋರಿಸಿದೆವು. ಡಾಕ್ಟರು ಕೀಮೋ ಔಷಧಿಗಳಲ್ಲಿ ಒಂದಾದ ಬ್ಲಿಯೋಮೈಸಿನ್ ನಿಲ್ಲಿಸಿ ಸ್ಟೀರಾಯ್ಡ್ ಕೊಟ್ಟಿದ್ದಾರೆ. ಔಷಧಿ ಬಿಟ್ಟರೆ ಕ್ಯಾನ್ಸರ್ ಮರಳುತ್ತಾ? ನಾವೇ ಎಡವಿದೆವಾ?)

ತಂಗಿ, ನಮ್ಮ ಮನೆಯವರಿಗೂ ಇದೇ ಕಾಯಿಲೆ, ಇದೇ ಔಷಧಿ. ಆಗ ಅವರಿಗೆ 68. ಬಚ್ಚಲಿನಿಂದ ನಡುಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದರು. 'ಕೀಮೋ ಸುಸ್ತು, ಹೋಗುತ್ತೆ ಬಿಡು' ಅನ್ನುತ್ತಿದ್ದರು. ನಾನೂ ನಂಬಿ ಶುಂಠಿ ಕಷಾಯ ಕೊಟ್ಟುಕೊಂಡು ಹದಿನೈದು ದಿನ ಕಳೆದೆ. ಕೊನೆಗೆ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಎರಡೂ ಶ್ವಾಸಕೋಶದ ಬುಡದಲ್ಲಿ ಬಿಳಿ ಮಚ್ಚೆ. ಆ ಹದಿನೈದು ದಿನ ಇವತ್ತಿಗೂ ಚುಚ್ಚುತ್ತವೆ. ನೀವು ವಾರದೊಳಗೇ ಹೇಳಿದ್ದೀರಿ. ನಿಮ್ಮ ತಪ್ಪು ಎಲ್ಲಿ ಬಂತು?

ಬ್ಲಿಯೋಮೈಸಿನ್ ಶ್ವಾಸಕೋಶವನ್ನು ಯಾಕೆ ಕೆಡಿಸುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದ್ದರು. ಈ ಔಷಧಿಯನ್ನು ಮುರಿದುಹಾಕುವ ಕಿಣ್ವ ಶ್ವಾಸಕೋಶದಲ್ಲಿ, ಚರ್ಮದಲ್ಲಿ ತೀರಾ ಕಡಿಮೆ. ಹೆಚ್ಚಿನದು ಮೂತ್ರದಲ್ಲೇ ಹೊರಹೋಗಬೇಕು. ವಯಸ್ಸಾದವರ ಕಿಡ್ನಿ ನಿಧಾನ ಅಲ್ವಾ, ಔಷಧಿ ಮೈಯಲ್ಲೇ ಜಾಸ್ತಿ ಹೊತ್ತು ಉಳಿಯುತ್ತದೆ. ನಮ್ಮವರು ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದರೂ ಬಂತು. ಸ್ಟೀರಾಯ್ಡ್ ಮಾತ್ರೆ ಕೆಲವು ತಿಂಗಳು ಬೇಕಾಯಿತು, ಸ್ವಲ್ಪ ಸ್ವಲ್ಪವೇ ಇಳಿಸಿದರು. ಕೆಮ್ಮು ನಿಂತಿತು ಅಂತ ನೀವಾಗಿ ಬಿಡಬೇಡಿ. ಸಕ್ಕರೆ ಏರಬಹುದು, ಪರೀಕ್ಷೆ ಮಾಡಿಸುತ್ತಿರಿ.
– ಹಾಸನದ ಓದುಗರು

ನಾನು ಕೀಮೋ ವಾರ್ಡಿನ ನರ್ಸ್. ಬ್ಲಿಯೋಮೈಸಿನ್ ಬಿಟ್ಟರೆ ಚಿಕಿತ್ಸೆಯನ್ನೇ ಬಿಟ್ಟಂತಲ್ಲ. ಸಾಮಾನ್ಯವಾಗಿ ಕೊಡುವ ನಾಲ್ಕು ಔಷಧಿಗಳಲ್ಲಿ ಅದೊಂದು. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಎರಡು ಸುತ್ತಿನ ಬಳಿಕ ಪೆಟ್ ಸ್ಕ್ಯಾನ್ (ಮೈಯಲ್ಲಿ ಕ್ಯಾನ್ಸರ್ ಉಳಿದಿದೆಯಾ ಅಂತ ನೋಡುವ ಸ್ಕ್ಯಾನ್) ಚೆನ್ನಾಗಿ ಬಂದವರಲ್ಲಿ ಅರ್ಧದಷ್ಟು ಜನರಿಗೆ ಬ್ಲಿಯೋಮೈಸಿನ್ ಕೈಬಿಟ್ಟರು. ಮೂರು ವರ್ಷದ ನಂತರವೂ ಫಲಿತಾಂಶ ಹೆಚ್ಚುಕಮ್ಮಿ ಅಷ್ಟೇ ಇತ್ತು. ಶ್ವಾಸಕೋಶದ ತೊಂದರೆ ಕಡಿಮೆಯಾಗಿತ್ತು. ಅಪ್ಪನ ಪೆಟ್ ಸ್ಕ್ಯಾನ್ ಏನು ಹೇಳಿತು ಅಂತ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ಮುಂದೆ ಯಾವತ್ತೇ ಆಪರೇಷನ್ ಆದರೂ, ಹತ್ತು ವರ್ಷ ಬಿಟ್ಟಾದರೂ ಸರಿ, ಅರಿವಳಿಕೆ ಡಾಕ್ಟರಿಗೆ 'ಬ್ಲಿಯೋಮೈಸಿನ್ ಆಗಿದೆ' ಅಂತ ಮೊದಲೇ ಹೇಳಿ. ಆಮ್ಲಜನಕ ಜಾಸ್ತಿಯಾದರೆ ಆ ಶ್ವಾಸಕೋಶ ಮತ್ತೆ ಕೆಡಬಹುದು. ಹಾಗಂತ ಉಸಿರು ಕಟ್ಟಿದಾಗ ಆಕ್ಸಿಜನ್ ಬೇಡ ಅನ್ನಬೇಡಿ. ಬೇಕಾದಷ್ಟನ್ನು ಅಳೆದು ಕೊಡುತ್ತಾರೆ. ಫೈಲಿನ ಮೊದಲ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಬರೆದಿಡಿ.
– ಮೈಸೂರಿನ ಓದುಗರು

ಅಕ್ಕಾ, ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊಂಡುಕೊಳ್ಳಿ. ರಕ್ತದ ಆಮ್ಲಜನಕ ಕೂತಾಗ ಸರಿಯಿದ್ದು ನಡೆದಾಗ ಇಳಿಯುವುದುಂಟು. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ. ನಮ್ಮಪ್ಪನಿಗೂ ಹೀಗೇ ಆಗಿತ್ತು. ಈಗ ಸಂಜೆ ಬಸ್ ಸ್ಟ್ಯಾಂಡಿನವರೆಗೆ ನಡೆದುಹೋಗಿ ಬರುತ್ತಾರೆ, ನಡುವೆ ಒಮ್ಮೆ ಕಟ್ಟೆ ಮೇಲೆ ಕೂರುತ್ತಾರೆ.
– ಧಾರವಾಡದ ಓದುಗರು