ಕೊನೆಗೌಡರ ಕೆಲಸಕ್ಕೆ ಬಾಯಿಮಾತಿನ ನಂಬಿಕೆಯೊಂದೇ ಸಾಕೇ?

ಪ್ರಶ್ನೆ (ಶಿರಸಿ):
ನಮ್ಮ ಭಾಗದ ಅಡಿಕೆ ತೋಟಗಳಲ್ಲಿ ಕೊನೆಕೊಯ್ಲು ಇಂದಿಗೂ ಬಾಯಿಮಾತಿನ ಮೇಲೆಯೇ ನಡೆಯುತ್ತದೆ. ಕಳೆದ ವರ್ಷ ಕೊನೆಗೌಡರೊಬ್ಬರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ಮರದಿಂದ ಬಿದ್ದಾಗ ಆಸ್ಪತ್ರೆಯ ಖರ್ಚನ್ನು ನಾವು ಆರು ಮನೆಯವರು ಸಂಜೆಯೊಳಗೆ ಹೊಂದಿಸಿದೆವು. ಆದರೆ ಅವರು ಮರ ಹತ್ತಲಾಗದೆ ಕಳೆದ ಮೂರು ತಿಂಗಳ ಸಂಪಾದನೆಯ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಈ ನಂಬಿಕೆಯನ್ನು ಕೆಡಿಸದೆ ಭದ್ರತೆ ಒದಗಿಸುವುದು ಹೇಗೆ?

ಉತ್ತರ 1 (ಕಾರವಾರ):
ಇದು ನಮ್ಮ ಜಿಲ್ಲೆಯೊಂದರ ಮಾತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯಂತೆ ಏಷ್ಯಾ-ಪೆಸಿಫಿಕ್ ಪ್ರದೇಶದ ದುಡಿಯುವವರಲ್ಲಿ ಶೇ. 68ರಷ್ಟು ಮಂದಿ ಅನೌಪಚಾರಿಕ ಕೆಲಸದಲ್ಲಿದ್ದರು. ನಮ್ಮ ಕಡಲತೀರದ ರಂಪಣಿಯನ್ನೇ, ಅಂದರೆ ಊರವರು ಸೇರಿ ದಡಕ್ಕೆಳೆಯುವ ದೊಡ್ಡ ಬಲೆಯ ಮೀನುಗಾರಿಕೆಯನ್ನೇ ನೋಡಿ: ಬಲೆಯ ಹಗ್ಗ ಹಿಡಿದು ದಡಕ್ಕೆಳೆದವರಿಗೆಲ್ಲ ಪಾಲು ಸಿಗುತ್ತಿತ್ತು, ಯಾವ ಪತ್ರವೂ ಬೇಕಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು (ಸಮುದ್ರದಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಯಂತ್ರದ ದೋಣಿಗಳು) ಬಂದು ರಂಪಣಿ ಸೊರಗಿದಾಗ ಆ ಪಾಲಿನ ಹಕ್ಕನ್ನು ಸಾಬೀತುಪಡಿಸಲು ಯಾರ ಕೈಯಲ್ಲೂ ದಾಖಲೆ ಇರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ಉತ್ತರ 2 (ಕುಮಟಾ):
2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯ ಬದಲಿಗೆ 2025ರಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ಇ-ಶ್ರಮ್ ನೋಂದಣಿ ಇವೆಯಲ್ಲ. ಮೊದಲು ಆ ಕೊನೆಗೌಡರ ಹೆಸರನ್ನು ಇ-ಶ್ರಮ್‌ನಲ್ಲಿ ನೋಂದಾಯಿಸಿ. ಜೊತೆಗೆ, ನಂಬಿಕೆಯ ಬಳಗ ತನ್ನವರನ್ನಷ್ಟೇ ಕಾಯುತ್ತದೆ ಎಂಬುದನ್ನೂ ಗಮನಿಸಬೇಕು. ದೋಣಿ ಕೆಲಸಕ್ಕೆ ದೂರದ ರಾಜ್ಯದಿಂದ ಬಂದ ಹುಡುಗನಿಗೆ ಜ್ವರ ಬಂದರೆ ವಂತಿಗೆ ಎತ್ತಲು ಆರು ಮನೆಗಳಿರುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಈ ವಾರವೇ ಅವರ ಆಧಾರ್‌ಗೆ ಮೊಬೈಲ್ ಜೋಡಿಸಿ ನೋಂದಣಿ ಮಾಡಿಸುತ್ತೇನೆ. ಪ್ರತಿ ಕೊಯ್ಲಿನಲ್ಲೂ ಆರು ಮನೆಯವರು ಅವರ ಹೆಸರಿಗೆ ಸ್ವಲ್ಪ ಹಣ ತೆಗೆದಿಡುವ ಬಗ್ಗೆಯೂ ಮಾತನಾಡುತ್ತೇನೆ.