ಪದಚರ್ಚೆ: ಥೋರೋ ಮಾಡಿದ್ದು ‘ಸವಿನಯ’ ಕಾನೂನುಭಂಗವೆ?

ಪದಪ್ರಿಯ ಗೆಳೆಯರೆ,

ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಲೇಖಕ ಹೆನ್ರಿ ಡೇವಿಡ್ ಥೋರೋನ ‘ಸಿವಿಲ್ ಡಿಸ್‌ಒಬೀಡಿಯನ್ಸ್’ ಪ್ರಬಂಧವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಳಗಿನ ಪುಟಗಳು ಹೇಗೋ ಸಾಗುತ್ತಿವೆ, ಶೀರ್ಷಿಕೆ ಮಾತ್ರ ಕೂರುತ್ತಿಲ್ಲ. ಪದಗಳಿಗೇನೂ ಬರವಿಲ್ಲ. ಕಾನೂನುಭಂಗ, ಸವಿನಯ ಕಾನೂನುಭಂಗ, ನಾಗರಿಕ ಅಸಹಕಾರ, ನಾಗರಿಕ ಅವಿಧೇಯತೆ ಎಲ್ಲವೂ ಬಳಕೆಯಲ್ಲಿವೆ. ಇವುಗಳಲ್ಲಿ ‘ಸವಿನಯ’ವನ್ನು ಥೋರೋಗೆ ಹಚ್ಚಬಾರದು ಎಂಬುದು ನನ್ನ ವಾದ. ಕಾರಣ ಹೇಳುತ್ತೇನೆ, ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ.

ಮೊದಲಿಗೆ, ಈ ಶೀರ್ಷಿಕೆಯೇ ಅವನ ಕಾಲದ್ದಲ್ಲ. ಅವನು ಇದನ್ನು 1848ರಲ್ಲಿ ತನ್ನೂರು ಕಾಂಕರ್ಡಿನಲ್ಲಿ ಉಪನ್ಯಾಸವಾಗಿ ಓದಿದ. 1849ರಲ್ಲಿ ಎಲಿಜಬೆತ್ ಪೀಬಡಿ ಹೊರತಂದ ಸಂಕಲನದಲ್ಲಿ ಅದು ಅಚ್ಚಾಯಿತು. ಆಗಿನ ಹೆಸರು ‘ರೆಸಿಸ್ಟೆನ್ಸ್ ಟು ಸಿವಿಲ್ ಗವರ್ನಮೆಂಟ್’. ಅವನು ತೀರಿಕೊಂಡದ್ದು 1862ರಲ್ಲಿ. ‘ಸಿವಿಲ್ ಡಿಸ್‌ಒಬೀಡಿಯನ್ಸ್’ ಎಂಬ ಹೆಸರು ಕಾಣಿಸಿಕೊಂಡದ್ದು 1866ರ ಸಂಕಲನದಲ್ಲಿ. ಪ್ರಬಂಧದ ಒಳಗೆ ಎಲ್ಲಿ ಹುಡುಕಿದರೂ ಆ ಎರಡು ಪದಗಳು ಜೊತೆಯಾಗಿ ಸಿಗುವುದಿಲ್ಲ.

ಹಳೆಯ ಶೀರ್ಷಿಕೆಯಲ್ಲಿ ‘ಸಿವಿಲ್’ ಅಂಟಿಕೊಂಡಿರುವುದು ಸರ್ಕಾರಕ್ಕೆ, ಪ್ರತಿರೋಧಕ್ಕಲ್ಲ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಸಿವಿಲ್ ಸರ್ಕಾರಕ್ಕೆ ತಲೆಬಾಗುವ ಕರ್ತವ್ಯದ ಬಗ್ಗೆ ಒಂದು ಅಧ್ಯಾಯ ಬರೆದಿದ್ದ. ಥೋರೋ ಅದನ್ನೇ ಎತ್ತಿಕೊಂಡು ‘ತಲೆಬಾಗುವ’ ಜಾಗದಲ್ಲಿ ‘ಪ್ರತಿರೋಧ’ ಇಟ್ಟ. ಪೇಲಿಯ ಹೆಸರು ಹಿಡಿದು ಪ್ರಬಂಧದೊಳಗೆ ವಾದವನ್ನೂ ಹೂಡುತ್ತಾನೆ. ಅಂದರೆ ಇಲ್ಲಿನ ‘ಸಿವಿಲ್’ನಲ್ಲಿ ವಿನಯವೂ ಇಲ್ಲ, ಸಭ್ಯತೆಯೂ ಇಲ್ಲ. ಚರ್ಚಿನ ಆಡಳಿತವಲ್ಲದ, ರಾಜ್ಯದ ಆಡಳಿತ ಎಂದಷ್ಟೇ ಅರ್ಥ.

ಅವನು ಮಾಡಿದ್ದಾದರೂ ಏನು? ಆರು ವರ್ಷಗಳಿಂದ ಪೋಲ್ ಟ್ಯಾಕ್ಸ್ ಕಟ್ಟಿರಲಿಲ್ಲ. ಗುಲಾಮಗಿರಿಯನ್ನು ಸಾಕುವ, ಮೆಕ್ಸಿಕೋ ಮೇಲೆ ಯುದ್ಧಕ್ಕೆ ಹೋದ ಸರ್ಕಾರಕ್ಕೆ ಕಾಸು ಕೊಡಲಾರೆ ಎಂಬುದು ಅವನ ನಿಲುವು. 1846ರ ಜುಲೈಯಲ್ಲಿ, ವಾಲ್ಡನ್ ಕೊಳದ ದಂಡೆಯ ಗುಡಿಸಲಲ್ಲಿದ್ದವನು ಊರೊಳಗೆ ಬಂದಾಗ ತೆರಿಗೆ ವಸೂಲಿ ಮಾಡುವ ಸ್ಯಾಮ್ ಸ್ಟೇಪಲ್ಸ್ ಹಿಡಿದು ಜೈಲಿಗೆ ಹಾಕಿದ. ಅದೇ ರಾತ್ರಿ ಯಾರೋ ಬಾಕಿ ತೀರಿಸಿದರು. ಬೆಳಗ್ಗೆ ಬಿಟ್ಟಾಗ ಥೋರೋ ರಿಪೇರಿಗೆ ಕೊಟ್ಟಿದ್ದ ಜೋಡನ್ನು ಇಸಿದುಕೊಂಡು, ಗೆಳೆಯರೊಂದಿಗೆ ಹಕಲ್‌ಬೆರಿ ಹಣ್ಣು ಕೀಳಲು ಗುಡ್ಡ ಹತ್ತಿದ. (ಇಷ್ಟಕ್ಕೇ ಇಷ್ಟು ದೊಡ್ಡ ಪ್ರಬಂಧವೇ ಎಂದು ಅಂದಿನಿಂದಲೂ ಕೇಳುವವರಿದ್ದಾರೆ. ಆದರೆ ಪ್ರಬಂಧದ ತೂಕ ಜೈಲಿನಲ್ಲಿ ಕಳೆದ ಗಂಟೆಗಳಲ್ಲಿಲ್ಲ.) ರಸ್ತೆ ತೆರಿಗೆಯನ್ನು ಮಾತ್ರ ತಾನು ಎಂದೂ ತಪ್ಪಿಸಿಲ್ಲ ಎನ್ನುತ್ತಾನೆ. ಕೆಟ್ಟ ಪ್ರಜೆಯಾಗಬೇಕೆಂಬ ಆಸೆ ಎಷ್ಟಿದೆಯೋ ಒಳ್ಳೆಯ ನೆರೆಯವನಾಗಬೇಕೆಂಬ ಆಸೆಯೂ ಅಷ್ಟೇ ಇದೆಯಂತೆ.

ಪೋಲ್ ಟ್ಯಾಕ್ಸ್ ಬಗ್ಗೆ ಒಂದು ಎಚ್ಚರಿಕೆ. ಇಲ್ಲಿ ‘ಪೋಲ್’ ಎಂದರೆ ಮತದಾನವಲ್ಲ, ತಲೆ. ತಲೆಗಿಷ್ಟು ಎಂದು ಹಾಕುವ ತೆರಿಗೆ. ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಜಜಿಯಾ ಕುರಿತು ಬರೆಯುವಾಗ ಬರುವ ‘ತಲೆಗಂದಾಯ’ ಇಲ್ಲಿ ಸಲೀಸಾಗಿ ಹೊಂದುತ್ತದೆ. ಕ್ರಿಯೆಗೂ ಕನ್ನಡದಲ್ಲಿ ಹೆಸರಿದೆ: ಕರನಿರಾಕರಣೆ. 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರ ಕಡೆಯ ರೈತರು ಭೂಕಂದಾಯ ಕೊಡದೆ ಜಮೀನು ಕಳೆದುಕೊಂಡ ಹೋರಾಟದ ಹೆಸರೇ ಅದು. ಆದರೂ ಇಡೀ ಪ್ರಬಂಧಕ್ಕೆ ಅದನ್ನೇ ಶೀರ್ಷಿಕೆ ಮಾಡಿದರೆ ತುಸು ಇಕ್ಕಟ್ಟಾಗುತ್ತದೆ.

ಇನ್ನು ‘ಸವಿನಯ’. ಇದು ಗಾಂಧೀಜಿಯವರ ಹೋರಾಟದ ಜೊತೆ ಬಂದ ಪದ, ಆ ಹೋರಾಟಕ್ಕೆ ಹೇಳಿ ಮಾಡಿಸಿದ್ದು. ಅವರ ಮಟ್ಟಿಗೆ ‘ಸಿವಿಲ್’ ಎಂದರೆ ಅಹಿಂಸೆ, ಸಂಯಮ, ಎದುರಾಳಿಯ ಬಗ್ಗೆ ಗೌರವ. ಥೋರೋನಿಂದಲೇ ಅವರು ಈ ಕಲ್ಪನೆ ಪಡೆದರು ಎಂಬ ಮಾತನ್ನು 1935ರಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಕೋದಂಡರಾಯರಿಗೆ ಬರೆದ ಪತ್ರದಲ್ಲಿ ಅವರೇ ತಳ್ಳಿಹಾಕಿದ್ದಾರೆ. ದಕ್ಷಿಣ ಆಫ್ರಿಕಾದ ಪ್ರತಿರೋಧ ಆ ಪ್ರಬಂಧ ಕೈಗೆ ಬರುವ ಮೊದಲೇ ಸಾಕಷ್ಟು ಮುಂದೆ ಹೋಗಿತ್ತು. ಇಂಗ್ಲಿಷ್ ಓದುಗರಿಗೆ ವಿವರಿಸಲು ಥೋರೋನ ಪದಗುಚ್ಛ ಬಳಸಿಕೊಂಡೆ, ಆಮೇಲೆ ಅದೂ ಸಾಲದೆನಿಸಿತು ಎಂದು ಅವರ ವಿವರಣೆ. ಅದು ಥೋರೋನ ಪದಗುಚ್ಛವೆಂದೇ ಅವರೂ ನಂಬಿದ್ದರು.

ಥೋರೋ ಅಹಿಂಸಾವ್ರತಿಯಲ್ಲ. 1859ರಲ್ಲಿ ಜಾನ್ ಬ್ರೌನ್ ಗುಲಾಮರ ಬಿಡುಗಡೆಗೆಂದು ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ಆಯುಧ ಹಿಡಿದು ನುಗ್ಗಿ ಸಿಕ್ಕಿಬಿದ್ದಾಗ, ಅವನ ಪರವಾಗಿ ಕಾಂಕರ್ಡಿನಲ್ಲಿ ಎದ್ದು ನಿಂತು ಮಾತಾಡಿದವನು ಥೋರೋ. ಅವನ ಗದ್ಯದಲ್ಲಿ ವಿನಯ ಹುಡುಕುವುದಂತೂ ವ್ಯರ್ಥ. ನಮ್ಮ ಪಠ್ಯಗಳು ‘ಸವಿನಯ ಕಾನೂನುಭಂಗದ ಪಿತಾಮಹ’ ಎಂದು ಅವನ ಕೊರಳಿಗೆ ಹಾಕುವ ಹಾರ ಬೇರೆಯವರ ಅಳತೆಗೆ ಕಟ್ಟಿದ್ದು.

ಹಾಗಾಗಿ ನನ್ನ ಒಲವು ‘ಪ್ರತಿರೋಧ’ದ ಕಡೆ. ಇದಕ್ಕೆ ಪ್ರಬಂಧದೊಳಗೇ ಆಧಾರವಿದೆ. ಸರ್ಕಾರವನ್ನು ಅವನು ಯಂತ್ರವೆಂದು ಕಾಣುತ್ತಾನೆ. ಯಾವ ಯಂತ್ರಕ್ಕಾದರೂ ಒಂದಿಷ್ಟು ಘರ್ಷಣೆ ಇದ್ದದ್ದೇ, ಅದು ತಾನಾಗಿ ಸವೆಯಲಿ ಬಿಡಿ ಎನ್ನುತ್ತಾನೆ. ಆದರೆ ಇನ್ನೊಬ್ಬನಿಗೆ ಆಗುವ ಅನ್ಯಾಯಕ್ಕೆ ನೀವೇ ಕೈಯಾಗಬೇಕಾಗಿ ಬಂದರೆ ಕಾನೂನು ಮುರಿಯಿರಿ, ನಿಮ್ಮ ಬದುಕೇ ಯಂತ್ರವನ್ನು ನಿಲ್ಲಿಸುವ ಎದುರುಘರ್ಷಣೆಯಾಗಲಿ ಎನ್ನುತ್ತಾನೆ. ಈ ಸಾಲಿನ ಪಕ್ಕದಲ್ಲಿ ‘ಅವಿಧೇಯತೆ’ ಇಟ್ಟು ನೋಡಿ, ಹೆಡ್ಮಾಸ್ತರರ ದೂರಿನಂತೆ ಕೇಳುತ್ತದೆ.

ಎರಡನೆಯ ತೊಡಕು ಟ್ರಾನ್ಸೆಂಡೆಂಟಲಿಸಂ, ಅಂದರೆ ಥೋರೋ ಮತ್ತು ಅವನ ಗೆಳೆಯ, ಲೇಖಕ ಎಮರ್ಸನ್ ಸೇರಿದ್ದ ವಿಚಾರಪಂಥದ ಹೆಸರು. ‘ಅತೀಂದ್ರಿಯವಾದ’ ಎಂದರೆ ಇವತ್ತಿನ ಓದುಗರಿಗೆ ಮನಸ್ಸು ಓದುವ, ಭವಿಷ್ಯ ಕಾಣುವ ಅತೀಂದ್ರಿಯ ಶಕ್ತಿ ನೆನಪಾಗುತ್ತದೆ. ‘ಭಾವಾತೀತ’ ಎಂದರೆ ಮಹರ್ಷಿ ಮಹೇಶ್ ಯೋಗಿಯವರ ಧ್ಯಾನ. ‘ಅನುಭಾವ’ ಸುಂದರವಾದ ಪದ, ಆದರೆ ಅದರ ಹಿಂದೆ ಶರಣರ ಇಡೀ ಸಾಧನೆಯ ದಾರಿ ಇದೆ. ಎಮರ್ಸನ್, ಥೋರೋ ಇಬ್ಬರೂ ವಿಲ್ಕಿನ್ಸ್‌ನ ಇಂಗ್ಲಿಷ್ ಭಗವದ್ಗೀತೆಯನ್ನು ಓದಿ ಮೆಚ್ಚಿದವರು, ಅವರ ‘ಡಯಲ್’ ಪತ್ರಿಕೆ 1843ರಲ್ಲಿ ಮನುಸ್ಮೃತಿಯ ಆಯ್ದ ಭಾಗಗಳನ್ನೂ ಹಾಕಿತ್ತು. ಅಷ್ಟಕ್ಕೇ ಅವರನ್ನು ಅನುಭಾವಿಗಳ ಪಂಕ್ತಿಯಲ್ಲಿ ಕೂರಿಸುವ ಆತುರ ನಮಗೆ ಬೇಡ. ಅವರ ಜಗಳ ಬೇರೆಯದು. 1836ರಲ್ಲಿ ಕೂಡಿದ ಆ ಗುಂಪಿನ ಎಮರ್ಸನ್, ರಿಪ್ಲಿ, ಹೆಜ್ ಯೂನಿಟೇರಿಯನ್ ಎಂಬ ಕ್ರೈಸ್ತ ಪಂಗಡದ ಪಾದ್ರಿಗಳ ಸಾಲಿನಿಂದ ಬಂದವರು. ಇಂದ್ರಿಯಗಳಿಂದ ಬಾರದ್ದು ಬುದ್ಧಿಯಲ್ಲೂ ಇಲ್ಲ ಎನ್ನುವ ಇಂಗ್ಲಿಷ್ ತತ್ವಜ್ಞಾನಿ ಲಾಕ್‌ನ ತತ್ವ ಅವರಿಗೆ ಉಸಿರುಕಟ್ಟಿಸಿತ್ತು. 1842ರ ಉಪನ್ಯಾಸವೊಂದರಲ್ಲಿ ಎಮರ್ಸನ್ ಈ ಹೆಸರಿನ ಮೂಲವನ್ನು ಜರ್ಮನ್ ತತ್ವಜ್ಞಾನಿ ಕಾಂಟ್‌ನಲ್ಲಿ ತೋರಿಸುತ್ತಾನೆ: ಅನುಭವದಿಂದ ಬಾರದ, ಅನುಭವವೇ ಯಾವುದರ ಮೂಲಕ ಸಾಧ್ಯವಾಗುತ್ತದೋ ಅಂಥ ಅರಿವಿನ ವರ್ಗವೊಂದಿದೆ ಎಂದು.

ಈ ಲೆಕ್ಕದಲ್ಲಿ ‘ಅನುಭವಾತೀತವಾದ’ವೂ ಗುರಿ ತಪ್ಪುತ್ತದೆ. ಅನುಭವದ ಆಚೆ ಇರುವುದನ್ನೂ ಅನುಭವಕ್ಕೆ ತಳಪಾಯವಾಗಿರುವುದನ್ನೂ ಕಾಂಟ್ ಬೇರೆ ಮಾಡಿದ್ದಾನಲ್ಲ. ಎಮರ್ಸನ್ ಒತ್ತು ಕೊಡುವುದು ಅಂತರ್ಬೋಧೆಗೆ. ಥೋರೋ ತೆರಿಗೆಯವನ ಮುಂದೆ ನಿಂತದ್ದೂ ಆ ಬಲದಿಂದಲೇ. ಯಾವುದು ಸರಿ ಎಂದು ತಿಳಿಯಲು ಬಹುಮತದ ಎಣಿಕೆಗೆ ಕಾಯಬೇಕಿಲ್ಲ, ಒಳಗೇ ಗೊತ್ತಾಗುತ್ತದೆ ಎಂಬ ನಂಬಿಕೆ ಅದು. ಆದ್ದರಿಂದ ವಿಚಾರ ಬಂದಲ್ಲಿ ‘ಅಂತರ್ಬೋಧೆ’ ಎಂದು ಬಳಸಿ, ಗುಂಪನ್ನು ಕರೆಯುವಾಗ ‘ಟ್ರಾನ್ಸೆಂಡೆಂಟಲಿಸ್ಟರು’ ಎಂದೇ ಉಳಿಸುವ ಯೋಚನೆ ನನ್ನದು. ಅದು ಹೊರಗಿನವರು ಅರ್ಧ ಗೇಲಿಯಿಂದ ಇಟ್ಟ ಹೆಸರು. ಅಡ್ಡಹೆಸರನ್ನು ಯಾರೂ ಅನುವಾದಿಸುವುದಿಲ್ಲವಷ್ಟೆ.

ಈಗ ಕೇಳಬೇಕಾದ್ದು. ‘ಸಿವಿಲ್ ಗವರ್ನಮೆಂಟ್’ಗೆ ಏನು ಹೇಳುತ್ತೀರಿ? ‘ನಾಗರಿಕ ಸರ್ಕಾರ’ ಎಂದರೆ ಸುಸಂಸ್ಕೃತ ಸರ್ಕಾರ ಎಂದಾಗುತ್ತದೆ, ಥೋರೋ ನಕ್ಕುಬಿಟ್ಟಾನು. ‘ಪೌರ’ ಎಂದರೆ ಪುರಸಭೆ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ನ್ಯಾಯಾಲಯದವರು ‘ಸಿವಿಲ್ ದಾವೆ’ ಎಂದು ಬಿಟ್ಟಿರುವಂತೆ ನಾನೂ ಬಿಡಲೇ, ಇಲ್ಲ ‘ರಾಜ್ಯಾಡಳಿತಕ್ಕೆ ಪ್ರತಿರೋಧ’ ಎನ್ನಲೇ? ಇನ್ನೊಂದು: ‘ತಲೆಗಂದಾಯ’, ‘ತಲೆತೆರಿಗೆ’ ಇವೆರಡರಲ್ಲಿ ಯಾವುದು ನಿಮ್ಮ ಕಡೆ ಆಡುಮಾತಿನಲ್ಲಿ ಇನ್ನೂ ಕೇಳಿಬರುತ್ತದೆ? ಊರಿನ ಹೆಸರಿನೊಂದಿಗೆ ತಿಳಿಸಿದರೆ ಅನುಕೂಲ.