ಟೋಟೆಮ್ ಪೋಲ್‌ಗೆ ‘ಕುಲದೇವತೆ ಕಂಬ’ ಸರಿಯೇ?

ಗೆಳೆಯರೇ,

ಕೆನಡಾದ ಪಶ್ಚಿಮ ಕರಾವಳಿಯ ಕ್ವಾಕ್ವಕ್ಯವಾಕ್ವ್ ಜನರ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಟೋಟೆಮ್ ಪೋಲ್’, ಅಂದರೆ ಪ್ರಾಣಿ, ಹಕ್ಕಿ, ಮನುಷ್ಯರ ರೂಪ ಕೆತ್ತಿದ ಮರದ ಕಂಬ, ಬಂದಲ್ಲಿ ಪೆನ್ನು ನಿಂತಿದೆ. ಮೊದಲು ‘ಕುಲದೇವತೆ ಕಂಬ’ ಅಂತ ಬರೆದೆ, ಆಮೇಲೆ ಹೊಡೆದುಹಾಕಿದೆ.

ಯಾಕೆಂದರೆ ಆ ಕಂಬಕ್ಕೆ ಪೂಜೆ ಇಲ್ಲ. ಅದನ್ನು ವಿಗ್ರಹ ಅಂದುಕೊಂಡವರು ಹೊರಗಿನಿಂದ ಬಂದ ಪಾದ್ರಿಗಳು. ‘ಟೋಟೆಮ್’ ಕೂಡ ಆ ಜನರ ಮಾತಲ್ಲ, ದೂರದ ಪೂರ್ವದ ಓಜಿಬ್ವೆ ಭಾಷೆಯದು.

ಆ ಜನರ ಕೆತ್ತನೆಗಾರ ಚಾರ್ಲಿ ಜೇಮ್ಸ್ 1900ರ ಆಸುಪಾಸಿನಲ್ಲಿ ಕೆತ್ತಿದ ಮನೆಗಂಬ ನೋಡಿ. ಕೆಂಪು ಸೀಡರ್ ಮರ. ಮೇಲೆ ರೆಕ್ಕೆ ಬಿಚ್ಚಿದ, ಕೊಕ್ಕು ಬಾಗಿದ ಗುಡುಗುಹಕ್ಕಿ, ಅವರ ಪುರಾಣಕಥೆಗಳ ಹಕ್ಕಿ. ಅದರ ಕೆಳಗೆ ಕರಡಿ, ಕರಡಿಯ ತೋಳಲ್ಲಿ ಒಬ್ಬ ಮನುಷ್ಯ. ಇಂಥದ್ದನ್ನು ಯಾರು ಬೇಕಾದರೂ ಸುಮ್ನೆ ಕೆತ್ತಿಸಿ ನಿಲ್ಲಿಸುವಂತಿಲ್ಲ. ನಮ್ಮ ಮೂಲಪುರುಷನಿಗೆ ಆ ಹಕ್ಕಿ ಹೀಗೆ ಎದುರಾಯಿತು ಅನ್ನುವ ಕಥೆ ಮನೆತನದಲ್ಲಿ ಬಂದಿರಬೇಕು. ಇಲ್ಲವೇ ಮದುವೆಯಲ್ಲಿ ಹೆಣ್ಣಿನ ಕಡೆಯಿಂದ ಬಳುವಳಿಯಾಗಿ ಬಂದಿರಬೇಕು. ಕಂಬ ನಿಲ್ಲಿಸುವಾಗ ಪಾಟ್ಲ್ಯಾಚ್ ಕೂಟ ಕರೆದು ಆ ಕಥೆ ಹೇಳುತ್ತಾರೆ, ಬಂದವರಿಗೆಲ್ಲ ಉಡುಗೊರೆ ಕೊಡುತ್ತಾರೆ. ಉಡುಗೊರೆ ತಗೊಂಡವರೇ ಸಾಕ್ಷಿ. ಕೆನಡಾ ಸರ್ಕಾರ 1885ರಿಂದ 1951ರವರೆಗೆ ಪಾಟ್ಲ್ಯಾಚ್‌ಗೆ ನಿಷೇಧ ಹೇರಿತ್ತು. ಸಾಕ್ಷಿಗಳನ್ನೇ ಕರೆಯುವಂತಿಲ್ಲ ಅಂದರೆ ಕಂಬ ಬರೀ ಮರ ಅಲ್ವಾ? ನನಗೆ ಇದನ್ನು ಓದುವಾಗ ತುಂಬ ಸಂಕಟವಾಯಿತು. 1953ರಲ್ಲಿ ಚಾರ್ಲಿ ಜೇಮ್ಸರ ಮಲಮಗ ಮಂಗೊ ಮಾರ್ಟಿನ್ ವಿಕ್ಟೋರಿಯಾದಲ್ಲಿ ಮನೆ ಕಟ್ಟಿ, ಮತ್ತೆ ಬಹಿರಂಗವಾಗಿ ಪಾಟ್ಲ್ಯಾಚ್ ನಡೆಸಿದರು.

ಈಗ ಪದದ ವಿಷಯ. ‘ಬೆಡಗು’ ಅನ್ನೋಣವೆಂದರೆ, ನಮ್ಮಲ್ಲಿ ಒಂದೇ ಬೆಡಗಿನವರ ನಡುವೆ ಮದುವೆ ಇಲ್ಲ. ಅವರ ‘ನಮಿಮಾ’ ಎಂಬ ಮನೆತನದ ಗುಂಪಿಗೆ ಆ ಕಟ್ಟು ಅಷ್ಟು ಬಿಗಿಯಾಗಿಲ್ಲ. ‘ಲಾಂಛನ’ ಹತ್ತಿರ ಬರುತ್ತದೆ, ಚಾಲುಕ್ಯರ ವರಾಹ ಲಾಂಛನದ ಹಾಗೆ. ಆದರೆ ಅದು ಚಿತ್ರಕ್ಕಷ್ಟೇ ಸಲ್ಲುತ್ತದೆ. ಗುಡುಗುಹಕ್ಕಿಯ ಜೊತೆ ಹೆಸರು, ಹಾಡು, ಕುಣಿತದ ಹಕ್ಕೂ ಸೇರಿ ಬರುತ್ತವೆ.

ನನ್ನ ಮನಸ್ಸು ‘ಬಿರುದು’ ಕಡೆ ವಾಲುತ್ತಿದೆ. ಹಳೆಯ ಅರ್ಥದ ಬಿರುದು: ವಂಶದಲ್ಲಿ ಬರುವಂಥದ್ದು, ಸಭೆಯಲ್ಲಿ ಸಾರಿ ಹೇಳುವಂಥದ್ದು, ಬೇರೆಯವರು ಹೊತ್ತರೆ ಜಗಳಕ್ಕೆ ಕಾರಣವಾಗುವಂಥದ್ದು. ಗರುಡಗಂಬದ ಹಾಗೆ ‘ಬಿರುದುಗಂಬ’. ಈಗ ಬಿರುದು ಅಂದರೆ ಸನ್ಮಾನದಲ್ಲಿ ಕೊಡುವ ಹೆಸರು ಅಂತಲೇ ಜಾಸ್ತಿ ಜನಕ್ಕೆ ಹೊಳೆಯುತ್ತದೆ, ಅದೇ ಅಳುಕು. ನಿಮ್ಮ ಊರಿನ ಕಡೆ ‘ಬಿರುದು’ ಇನ್ನೂ ಮನೆತನದ ಹಕ್ಕು ಅನ್ನುವ ಅರ್ಥದಲ್ಲಿ ಬಳಕೆಯಲ್ಲಿದೆಯೇ? ಯಾವ ಮಾತಿನಲ್ಲಿ ಕೇಳಿದ್ದೀರಿ?